ಖಾತೆಯ ಹಣಕ್ಕೂ ಕಾವಲು ಬೇಕು
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನು ಮೊಬೈಲ್ ಫೋನಿನ ವಿಷಯವನ್ನು ಎತ್ತಿಕೊಂಡದ್ದೇಕೆಂದು ತಮಗೆ ಆಶ್ಚರ್ಯವಾಗಬಹುದು. ಬೆಂಬಲ ಬೆಲೆ, ಬೆಳೆ ವಿಮೆ, ಬೆಳೆ ಪರಿಹಾರ ಇವೆಲ್ಲ ಈಗ ನೇರವಾಗಿ ಬ್ಯಾಂಕು ಖಾತೆಗೆ ಜಮಾ ಆಗುತ್ತವೆ. ಕಣದಲ್ಲಿ ರಾಶಿ ಇರುವಾಗ ರಾತ್ರಿಯಿಡೀ ಕಾಯುವ ನಾವು, ಅದೇ ರಾಶಿ ಹಣವಾಗಿ ಖಾತೆ ಸೇರಿದ ಮೇಲೆ ಕಾವಲು ಬಿಡಬಾರದು. ಕಳ್ಳನು ಸಾಮಾನ್ಯವಾಗಿ ಬ್ಯಾಂಕಿನ ಬೀಗ ಒಡೆಯಲು ಹೋಗುವುದಿಲ್ಲ. ಬೀಗದ ಕೈಯನ್ನು ನಮ್ಮಿಂದಲೇ ಪಡೆಯುತ್ತಾನೆ. ಅಂಥ ಕೈಗಳು ಮುಖ್ಯವಾಗಿ ಮೂರು.

1. ಗುಪ್ತ ಸಂಖ್ಯೆ: ಯುಪಿಐ ಮೂಲಕ ಹಣ ಬರಲು ಪಿನ್ ಬೇಕಿಲ್ಲ, ಹಣ ಕೊಡುವಾಗ ಮಾತ್ರ ಅದನ್ನು ಒತ್ತಬೇಕು. ಎತ್ತು ಕೊಳ್ಳುವೆನೆಂದು ಹೇಳಿದ ಅಪರಿಚಿತನು "ಈ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಮುಂಗಡ ಬರುತ್ತದೆ" ಎಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ತಿಳಿಸಬೇಡಿ.

2. ನಕಲಿ ಆ್ಯಪ್: 2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ 'ಎಪಿಕೆ' ಎಂಬ ಕಡತಗಳು ಬರುತ್ತವೆ. ಅದನ್ನು ಸ್ಥಾಪಿಸಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಫೋನಿಗೆ ಬರುವ ಸಂದೇಶಗಳನ್ನು ಕಳ್ಳನು ಓದಬಲ್ಲನು. ಆಗ ನೀವು ಹೇಳದಿದ್ದರೂ ಓಟಿಪಿ ಅವನ ಕೈಸೇರುತ್ತದೆ. ಚೀಟಿ, ಮುದ್ರೆ ಇಲ್ಲದ ಚೀಲದ ಬೀಜವನ್ನು ನಾವು ಬಿತ್ತುವುದಿಲ್ಲ. ಇಂಥ ಕಡತವನ್ನೂ ತೆರೆಯಬಾರದು.

3. ಹೆಬ್ಬೆಟ್ಟು: ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ, ಓಟಿಪಿ ಇಲ್ಲದೆಯೇ ಹಣ ತೆಗೆಯುವ ವ್ಯವಸ್ಥೆಯುಂಟು. ಬೆರಳಚ್ಚನ್ನು ನಕಲು ಮಾಡಿ ವಂಚಿಸಿದ ಪ್ರಕರಣಗಳೂ ನಡೆದಿವೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಆದರೆ ಪಡಿತರ ಮುಂತಾದ ಕಡೆ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕು. ಗುರುತಿಗಾಗಿ ಜೆರಾಕ್ಸ್ ಕೊಡುವಾಗ, ಒಪ್ಪುವ ಕಡೆಯಲ್ಲಿ, ಮೊದಲ 8 ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿಯನ್ನೇ ಕೊಡಿ.

ಹಣ ಹೋದರೆ ಏನು ಮಾಡಬೇಕು?

ತಡಮಾಡದೆ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ ಖಾತೆಯನ್ನು ತಡೆಹಿಡಿಸಿ. ನಕಲಿ ಆ್ಯಪ್ ಸ್ಥಾಪಿಸಿದ್ದರೆ ಆ ಫೋನಿನ ಇಂಟರ್‌ನೆಟ್ ಆರಿಸಿ, ಬೇರೆ ಫೋನಿನಿಂದ ಕರೆ ಮಾಡಿ. ಕಳ್ಳನು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಸಾಗಿಸುತ್ತಾನೆ. ಅದು ದಾರಿಯಲ್ಲಿರುವಾಗಲೇ ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಊರಿನವರು ನಕ್ಕಾರೆಂದು ಸುಮ್ಮನಿರುವುದರಿಂದ ಲಾಭವಾಗುವುದು ಕಳ್ಳನಿಗೆ ಮಾತ್ರ. ಬೆಳೆಗೆ ರೋಗ ತಗುಲಿದರೆ ಮುಚ್ಚಿಡದೆ ತಜ್ಞರಿಗೆ ತೋರಿಸುವಂತೆ ಇದನ್ನೂ ಹೇಳಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು 1930 ಎಂಬ ಸಂಖ್ಯೆಯನ್ನು ಹಾಲಿನ ಡೇರಿ, ಸೊಸೈಟಿ, ಪಂಚಾಯಿತಿ ಕಚೇರಿಗಳ ಫಲಕಗಳಲ್ಲಿ ಬರೆಸಬೇಕು. ರೈತ ಬಾಂಧವರು ಈ ಮಾತುಗಳನ್ನು ಮನೆಯ ಹೆಂಗಸರಿಗೂ ಹಿರಿಯರಿಗೂ ಇಂದೇ ತಿಳಿಸಬೇಕೆಂದು ಕೋರುತ್ತೇನೆ. ಮನೆಯವರೆಲ್ಲರಿಗೂ ತಿಳಿದಿದ್ದರೆ ಖಾತೆಯ ಕಾವಲು ಭದ್ರವಾಗುತ್ತದೆ.