ಹೊರಡುವ ಮುನ್ನ

ಕ್ಯಾಸಲ್‌ರಾಕ್‌ನಿಂದ ಗೋವೆಯತ್ತ ಘಟ್ಟವಿಳಿಯುವ ರೈಲುದಾರಿ 37 ಅಡಿಗೆ 1 ಅಡಿ ತಗ್ಗುತ್ತದೆ. ಅಲ್ಲಿ ಗೂಡ್ಸ್ ಗಾಡಿಯೊಂದು ಹೊರಡುವ ಮುನ್ನಿನ ಸಿದ್ಧತೆಯನ್ನು, ಗಾರ್ಡ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಡನೆ ನಿಂತು ನೋಡಿದೆನು. 2022ರಿಂದ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರು. ವೇಗ ತಗ್ಗಿಸಬೇಕಾದ ಸ್ಥಳಗಳ ಎಚ್ಚರಿಕೆಪತ್ರಕ್ಕೆ ಚಾಲಕರು ರುಜು ಹಾಕಿದರು. ಬಳಿಕ ಬ್ರೇಕಿನ ಪರೀಕ್ಷೆ. ಚಾಲಕರು ಇಂಜಿನ್ನಿನಲ್ಲಿ ಕೊಳವೆಯ ಗಾಳಿಯ ಒತ್ತಡ ಇಳಿಸಿದಾಗ ಗಾರ್ಡಿನ ಡಬ್ಬಿಯ ಮಾಪಕದ ಮುಳ್ಳೂ ಇಳಿಯಬೇಕು. ಇಳಿಯದಿದ್ದರೆ ನಡುವೆಲ್ಲೋ ಕೊಳವೆ ಮುಚ್ಚಿದೆ, ಅದರಾಚೆಯ ವ್ಯಾಗನ್ನುಗಳು ಚಾಲಕರ ಹಿಡಿತದಲ್ಲಿಲ್ಲ ಎಂದರ್ಥ. ಮುಳ್ಳು ಇಳಿಯುವವರೆಗೂ ಶಿಷ್ಯನು ನನ್ನೊಡನೆ ಮಾತಾಡಲಿಲ್ಲ.

“ಸಾರ್, ನಿಮ್ಮ ತರಗತಿಯಲ್ಲಿ ಇಷ್ಟು ಗಮನವಿಟ್ಟಿರಲಿಲ್ಲ,” ಎಂದು ಆಮೇಲೆ ನಕ್ಕನು.

ನಾನು ನಗಲಾರದೆ ಹೋದೆನು. ಮೂವತ್ತು ವರ್ಷ ಪಾಠ ಹೇಳಿದೆ. ಮಾತು ಕಡೆಯ ಬೆಂಚನ್ನು ತಲುಪಿತೇ ಎಂದು ಒಂದು ದಿನವೂ ಪರೀಕ್ಷಿಸಿರಲಿಲ್ಲ.