ಚುಚ್ಚುಮದ್ದು ತಪ್ಪಿದ ಮಕ್ಕಳು ಎಲ್ಲಿದ್ದಾರೆ?

(ವಾಡಿಯ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೊದಲು ಶಾಲಾ ಮಾಸ್ತರನಾಗಿದ್ದವನು. ಆದುದರಿಂದ ಹಾಜರಿ ಪುಸ್ತಕದಿಂದಲೇ ಮಾತು ಆರಂಭಿಸುತ್ತೇನೆ.

2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದರು. 9 ತಿಂಗಳ ಕೂಸಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅದು ಪುಕ್ಕಟೆ. ಆ ದಿನ ನನ್ನ ತರಗತಿಯ ಹಿಂದಿನ ಸಾಲು ಖಾಲಿ. ಮೊಬೈಲಿನ ಸುಳ್ಳು ಸುದ್ದಿ ನಂಬಿ ಮಕ್ಕಳನ್ನು ತಡೆದವರು ಎರಡೋ ಮೂರೋ ಮನೆಯವರು. ಉಳಿದವರು ತಾಂಡಾದ ಮಕ್ಕಳು. ತಾಯಿತಂದೆಯ ಜತೆ ಇಟ್ಟಿಗೆ ಭಟ್ಟಿಗೆ ಹೋಗಿದ್ದರು. ನಾನು ಅವರ ಹೆಸರಿನ ಮುಂದೆ 'ಗೈರು' ಎಂದು ಬರೆದು ಪುಸ್ತಕ ಮುಚ್ಚಿದೆ. ಮರಳಿ ಬಂದ ಮೇಲೆ ಕೇಳಲೂ ಇಲ್ಲ. ಆ ತಪ್ಪು ನನ್ನದು.

ಅಮೆರಿಕದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಚುಚ್ಚುಮದ್ದಿನ ದಾಖಲೆ ಕೇಳುವರು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 'ಇದು ನಮ್ಮ ನಂಬಿಕೆಗೆ ಒಗ್ಗದು' ಎಂದು ಬರೆದುಕೊಟ್ಟರೆ ವಿನಾಯಿತಿ ಸಿಗುತ್ತಿತ್ತು. ಹಾಗೆ ಬರೆದುಕೊಟ್ಟವರು ಕೆಲವೇ ಬಡಾವಣೆಗಳಲ್ಲಿ, ಕೆಲವೇ ಶಾಲೆಗಳಲ್ಲಿ ಗುಂಪುಗೂಡಿದ್ದರು. ಅವರಲ್ಲಿ ಅನೇಕರು ಉಳ್ಳವರು, ಓದಿದವರು. 2014ರ ಡಿಸೆಂಬರಿನಲ್ಲಿ ಅಲ್ಲಿನ ಡಿಸ್ನಿಲ್ಯಾಂಡ್ ಎಂಬ ವಿಹಾರಸ್ಥಳದಿಂದ ದಡಾರ ಹಬ್ಬಿತು. 2015ರಲ್ಲಿ ಕಾನೂನು ಮಾಡಿ ಆ ವಿನಾಯಿತಿಯನ್ನು ರದ್ದುಪಡಿಸಿದರು.

ಇದರಿಂದ ನಾವು ಕಲಿಯತಕ್ಕ ಪಾಠವೊಂದುಂಟು. ದಡಾರವನ್ನು ತಡೆಯಬೇಕಾದರೆ 100ಕ್ಕೆ 95 ಮಕ್ಕಳಿಗೆ ರಕ್ಷಣೆ ಇರಬೇಕು. ಜಿಲ್ಲೆಯ ಸರಾಸರಿ ಚೆನ್ನಾಗಿದ್ದರೆ ಸಾಲದು. ತಪ್ಪಿದ ಮಕ್ಕಳೆಲ್ಲ ಒಂದೇ ಓಣಿಯಲ್ಲಿದ್ದರೆ ರೋಗಕ್ಕೆ ಆ ಓಣಿಯೇ ಸಾಕು. ಅಲ್ಲಿಂದ ಅದು ಸಂತೆಗೆ ಬರುತ್ತದೆ, ಅಂಗಡಿಯ ಗಲ್ಲಾದವರೆಗೂ ಬರುತ್ತದೆ.

ನಮ್ಮಲ್ಲಿ ವಿನಾಯಿತಿಯ ಚೀಟಿ ಬರೆದುಕೊಡುವವರಿಲ್ಲ. ಆದರೂ ಮಕ್ಕಳು ತಪ್ಪಿಹೋಗುತ್ತಾರೆ. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಮಿಷನ್ ಇಂದ್ರಧನುಷ್ ಯೋಜನೆಗೆ ಮೊದಲು ಆರಿಸಿದ 201 ಹಿಂದುಳಿದ ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದು. 2002ರಲ್ಲಿ ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ನಮ್ಮ ವಿಭಾಗದವೇ. ಈ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿರಿ. ಅಲ್ಲಿಯದು ಬೇಡವೆಂದವರ ನಕ್ಷೆ. ನಮ್ಮದು ಬಹುಮಟ್ಟಿಗೆ ತಲುಪದವರ ನಕ್ಷೆ.

ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುವ ತಾಯಿ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಚಿಂಚೋಳಿಯ ತಾಂಡಾದವರು ಪುಣೆ, ಮುಂಬಯಿಗೆ ದುಡಿಯಲು ಹೋದರೆ ತಾಯಿಕಾರ್ಡು ಟ್ರಂಕಿನಲ್ಲೇ ಉಳಿಯಿತು. ಮನೆ ಮನೆಗೆ ನಡೆಯುವ ಆಶಾ ಕಾರ್ಯಕರ್ತೆಗೆ ಖಾಯಂ ಸಂಬಳವಿಲ್ಲ.

'ಕಾರ್ಡಿಲ್ಲದ ಮಗುವನ್ನು ಶಾಲೆಗೆ ಸೇರಿಸಬೇಡಿರಿ, ಆಗ ಎಲ್ಲರೂ ಹಾಕಿಸುವರು' ಎಂದು ಕೆಲವರು ಹೇಳಬಹುದು. ಆಗ ಬಾಗಿಲಲ್ಲಿ ನಿಲ್ಲುವವರು ಯಾರು? ಅದೇ ತಾಂಡಾದ ಮಗು. ಮೊದಲು ಚುಚ್ಚುಮದ್ದು ತಪ್ಪಿತು, ಈಗ ಅಕ್ಷರವೂ ತಪ್ಪುವುದು.

ನಮ್ಮ ಬೇಡಿಕೆ ಬೇರೆ. ಶಾಲೆಗೆ ಸೇರಿಸುವಾಗ ಕಾರ್ಡು ಕೇಳಲಿ. ಇಲ್ಲದಿದ್ದರೆ ಮಗುವನ್ನು ಸೇರಿಸಿಕೊಂಡು ಅಲ್ಲಿಯೇ ಚುಚ್ಚುಮದ್ದು ಹಾಕಿಸಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಸಂಜೆ ಹೊತ್ತು ಹಾಗೂ ರಜೆಯ ದಿನ ಕಾರ್ಖಾನೆ, ಗಣಿಗಳ ಬಳಿ ಶಿಬಿರ ನಡೆಯಲಿ. ಗುಳೆ ಹೊರಡುವ ಮೊದಲೇ ತಾಂಡಾಗಳಿಗೆ ದಾದಿಯರು ಬರಲಿ. ಎಷ್ಟು ಮಕ್ಕಳು ತಪ್ಪಿದರೆಂಬುದನ್ನು ಓಣಿವಾರು ಬರೆದು ಪಂಚಾಯಿತಿಯ ಗೋಡೆಗೆ ಹಚ್ಚಲಿ.

ಅಲ್ಲಿಯವರೆಗೆ ನಾವು ಕಾಯುವುದು ಬೇಡ. ಇಂದು ಮನೆಗೆ ಹೋದೊಡನೆ ನಿಮ್ಮ ಮಗುವಿನ ಕಾರ್ಡು ತೆಗೆದು ನೋಡಿರಿ. ಬಳಿಕ ಪಕ್ಕದ ಮನೆಯವರನ್ನೂ ಕೇಳಿರಿ. ನಾನು ಅಂದು ಕೇಳದೆ ಬಿಟ್ಟದ್ದನ್ನು ನೀವು ಕೇಳಿರಿ.