ಕಾಡನ್ನೇ ತರಗತಿಯಾಗಿಸಿದ ಮೇಷ್ಟರು

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದಂದು ನಾಡನ್ನು ಕಟ್ಟಿದ ಮಹನೀಯರನ್ನು ಸ್ಮರಿಸುವುದು ವಾಡಿಕೆ. ಈ ಸಲ ನಾವು ಇದೇ ಊರಿನಲ್ಲಿ ಬಹುಕಾಲ ಬಾಳಿದ ಒಬ್ಬ ಮೇಷ್ಟರನ್ನು ನೆನೆಯಲು ಎದ್ದು ನಿಂತಿದ್ದೇವೆ. ಅವರೇ ಡಾ. ಬಿ. ಜಿ. ಎಲ್. ಸ್ವಾಮಿಯವರು. ಅವರು ತೀರಿಕೊಂಡದ್ದು 1980ರ ನವೆಂಬರ್ 2ರಂದು, ಅಂದರೆ ರಾಜ್ಯೋತ್ಸವದ ಮರುದಿನ.

ಸ್ವಾಮಿಯವರು ಡಿ.ವಿ.ಜಿ.ಯವರ ಸುಪುತ್ರರು. ಮರೀನಾ ಕಡಲತೀರಕ್ಕೆ ಎದುರಾಗಿರುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿಯೂ ಇದ್ದವರು. ಅರಣ್ಯ ಇಲಾಖೆಗೆ ಸೇರಿದವರಲ್ಲ. ಆದರೆ ಕಾಡನ್ನು ಓದುವುದು ಹೇಗೆಂದು ಅವರಂತೆ ಕಲಿಸಿದವರು ವಿರಳ. ಮದರಾಸಿನ ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟದ ಕಾಡುಗಳಿಗೆ ಕರೆದೊಯ್ದು, ಗಿಡದ ಮುಂದೆ ನಿಲ್ಲಿಸಿ ಪಾಠ ಹೇಳಿದರು. ಆ ಪ್ರವಾಸಗಳ ಕಥೆಯೇ ‘ಹಸುರು ಹೊನ್ನು’. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹುಡುಗರ ತುಂಟತನ, ಮೇಷ್ಟರ ಹಾಸ್ಯ, ಗಿಡಮರಗಳ ಶಾಸ್ತ್ರ ಮೂರೂ ಅದರಲ್ಲಿ ಒಟ್ಟಿಗೆ ಬೆರೆತಿವೆ.

ಅವರ ಪಾಂಡಿತ್ಯ ಎಷ್ಟರದೆಂಬುದಕ್ಕೆ ಒಂದು ನಿದರ್ಶನ ಸಾಕು. ಹೂ ಬಿಡುವ ಗಿಡಗಳಲ್ಲಿ ಬೇರಿನಿಂದ ಎಲೆಗೆ ನೀರು ಸಾಗಿಸಲು ಸಾಮಾನ್ಯವಾಗಿ ಸೂಕ್ಷ್ಮವಾದ ಕೊಳವೆಗಳಿರುತ್ತವೆ. ಸಾರ್ಕಾಂಡ್ರಾ ಎಂಬ ಗಿಡದಲ್ಲಿ ಅವು ಇಲ್ಲವೆಂದು 1950ರಲ್ಲಿ ಸ್ವಾಮಿಯವರು ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರೊಡನೆ ಪ್ರಕಟಿಸಿದರು. ಒಂದು ಸಾರ್ಕಾಂಡ್ರಾ ಗಿಡಕ್ಕೆ ಗುರುವಿನ ಹೆಸರನ್ನೇ ಇಟ್ಟರು. 1987ರಲ್ಲಿ ಮತ್ತೊಬ್ಬ ವಿಜ್ಞಾನಿ ಅದರಲ್ಲಿಯೂ ಕೊಳವೆಗಳಿವೆಯೆಂದು ತೋರಿಸಿದರು. ಇದರಿಂದ ಗುರುಶಿಷ್ಯರ ಗೌರವ ಕುಂದಲಿಲ್ಲ. ತಿದ್ದಿಕೊಳ್ಳುತ್ತ ನಡೆಯುವುದೇ ಶಾಸ್ತ್ರದ ಧರ್ಮವಲ್ಲವೇ?

ಮಹನೀಯರೇ, ಇಷ್ಟು ದೊಡ್ಡ ವಿದ್ವಾಂಸರು ಸಂಶೋಧನೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅವರ ಸುತ್ತ ಕೇಳಿಬರುತ್ತಿದ್ದುದು ತಮಿಳು. ಆದರೂ ತಾವು ಕಂಡ ಕಾಡನ್ನು, ಕಾಲೇಜನ್ನು, ಊಟದ ಎಲೆಯನ್ನು ಕುರಿತು ಕನ್ನಡದಲ್ಲಿಯೇ ಬರೆದರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಅವರ ಪುಸ್ತಕವನ್ನು ನಮ್ಮ ಗೃಹಿಣಿಯರು ಓದಲೇಬೇಕು. ಆಲೂಗೆಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ ಎಲ್ಲವೂ ಸಮುದ್ರ ದಾಟಿ ಬಂದವು. ನಮ್ಮ ಹುಳಿಗೆ ಬೀಳುವ ಮೆಣಸಿನಕಾಯಿಯೂ ವಲಸೆ ಬಂದದ್ದೇ! ಅದಕ್ಕೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟು ಮನೆಯವರನ್ನಾಗಿ ಮಾಡಿಕೊಂಡರು. ವಲಸೆ ಬಂದ ನಮಗೂ ಇದರಲ್ಲೊಂದು ಸಮಾಧಾನವಿದೆ.

‘ತಮಿಳು ತಲೆಗಳ ನಡುವೆ’ ಎಂಬ ಅವರ ಪುಸ್ತಕದಲ್ಲಿ ಕಟಕಿಯೂ ಉಂಟು. ಅದು ನೆರೆಹೊರೆಯವರೆಲ್ಲರಿಗೆ ರುಚಿಸದಿರಬಹುದು. ಆದರೆ ಅದೇ ಸ್ವಾಮಿಯವರು ಈ ಊರಿನ ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆದರೆಂಬುದನ್ನು ಮರೆಯಲಾಗದು.

ಇನ್ನು ನಮ್ಮ ಮನೆಯ ಮಾತು. ಈಚೆಗೆ ಬೀದಿಯ ಮರವೊಂದನ್ನು ತೋರಿಸಿ, ಇದು ಯಾವ ಮರವೆಂದು ನಮ್ಮ ಮಗುವನ್ನು ಕೇಳಿದೆವು. ‘ಪುಂಗ ಮರ’ ಎಂದಿತು. ಕನ್ನಡದಲ್ಲಿ? ಎಂದರೆ ಸುಮ್ಮನಾಯಿತು. ತಪ್ಪು ಮಗುವಿನದಲ್ಲ, ಹೊಂಗೆ ಎಂಬ ಮಾತನ್ನು ನಾವು ಅದರ ಕಿವಿಗೆ ಹಾಕಿಯೇ ಇರಲಿಲ್ಲ. ತಮಿಳಿನ ಪುಂಗವೇ ನಮ್ಮ ಹೊಂಗೆ, ಅವರ ವೇಂಬೇ ನಮ್ಮ ಬೇವು. ಒಂದೇ ಮರಕ್ಕೆ ಅಕ್ಕತಂಗಿಯರು ಇಟ್ಟ ಹೆಸರುಗಳಿವು. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಆದರೆ ಒಂದು ತಲೆಮಾರು ಬಾಯಿ ಮುಚ್ಚಿಕೊಂಡರೆ ಹೆಸರು ಹೋಯಿತು. ಹೆಸರಿನೊಂದಿಗೆ ಅಜ್ಜಿಯ ಔಷಧಿಯೂ ಗಾದೆಯೂ ಹೋದವು.

ಆದುದರಿಂದ ನಮ್ಮ ಬಿನ್ನಹವಿಷ್ಟೇ. ಹಾರತುರಾಯಿಗಳಿಂದಷ್ಟೇ ಈ ಹಬ್ಬ ಮುಗಿಯದಿರಲಿ. ಸಂಘದ ಕುಟುಂಬಗಳೆಲ್ಲ ತಿಂಗಳಿಗೊಂದು ಭಾನುವಾರ ಮಕ್ಕಳೊಡನೆ ಯಾವುದಾದರೂ ಮರದ ಕೆಳಗೆ ಸೇರೋಣ; ‘ಹಸುರು ಹೊನ್ನಿ’ನ ಒಂದೆರಡು ಪುಟ ಓದೋಣ; ಆ ಮರದ ಹೆಸರನ್ನು ಎರಡು ಭಾಷೆಗಳಲ್ಲಿಯೂ ಹೇಳಿಸೋಣ. ಆ ಮೇಷ್ಟರಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ ಅದೇ.